ಹೊಂಗೆಮರಕ್ಕೆ ಕಿವಿಗೊಟ್ಟು

ಕ್ಯಾಸಂಬಳ್ಳಿ ಹೋಬಳಿ
9-2-2025

ಊರಿಗಾಂ ಬಚ್ಚಪ್ಪನವರಿಗೆ,

ಈ ಕಾಗದ ನೋಡಿ ನಿಮಗೆ ಆಶ್ಚರ್ಯವಾಗಬಹುದು. ಬರೆಯುತ್ತಿರುವ ನನಗೂ ಆಶ್ಚರ್ಯವೇ. ಹೋದ ವಾರ ಹಾಲಿನ ಡೈರಿ ಮೀಟಿಂಗಿಗೆ ಬಂಗಾರಪೇಟೆಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಸೊಸೆ ಕಲ್ಪನ ಸಿಕ್ಕಿದಳು. ನಿಮಗೆ ಈಗ ಕಿವಿ ಪೂರ್ತಿ ಹೋಗಿದೆ, ಫೋನ್ ಮಾಡಿ ಪ್ರಯೋಜನವಿಲ್ಲ, ಆದರೆ ಕಾಗದ ಓದುತ್ತೀರಿ ಎಂದಳು. ಅದಕ್ಕೆ ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ನಮ್ಮ ಮನೆ ಮುಂದಿನ ಹೊಂಗೆಮರ ನಿಮಗೆ ನೆನಪಿರಬೇಕು. ನಮ್ಮ ಮಾವನವರ ಅಪ್ಪನ ಕಾಲದ್ದು. ಅಂಗನವಾಡಿ ಕಟ್ಟಡ ಸೋರುತ್ತದೆ, ಒಳಗೆ ಕತ್ತಲೆ ಎಂದು ಟೀಚರ್ ಸಹನ ಎರಡು ವರ್ಷದಿಂದ ಮಕ್ಕಳನ್ನು ಅದರ ನೆರಳಿನಲ್ಲೇ ಕೂರಿಸುತ್ತಾಳೆ. ಹದಿನೇಳು ಮಕ್ಕಳು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ನನ್ನ ಸೊಂಟದಷ್ಟು ದಪ್ಪದ ಕೊಂಬೆ ಮುರಿದು ಬಿತ್ತು. ಮಕ್ಕಳು ಇನ್ನೂ ಬಂದಿರಲಿಲ್ಲ. ಪಂಚಾಯ್ತಿ ಮೆಂಬರ್ ಮುನೇಶ್, ಮರ ಒಳಗೆಲ್ಲ ಟೊಳ್ಳು, ಯುಗಾದಿ ಕಳೆದ ಮೇಲೆ ಕಡಿಸಿಬಿಡೋಣ ಎನ್ನುತ್ತಿದ್ದಾನೆ. ನನಗೆ ಮರ ಬೇಕು. ಆದರೆ ಮಕ್ಕಳ ತಲೆಯ ಮೇಲೆ ಪಂದ್ಯ ಕಟ್ಟುವವಳಲ್ಲ ನಾನು.

ಬಡಿದು ನೋಡಿ ಗಟ್ಟಿ ಯಾವುದು, ಟೊಳ್ಳು ಯಾವುದು ಎಂದು ಹೇಳಬಲ್ಲವರು ಚಿನ್ನದ ಗಣಿಯವರು. ನಿಮ್ಮ ಗ್ಯಾಂಗಿನಲ್ಲಿ ಉಳಿದಿರುವುದು ನೀವೊಬ್ಬರೇ. ಕಿವಿ ಇಲ್ಲದಿದ್ದರೂ ಹಾರೆ ಹಿಡಿದ ಅಂಗೈಗೆ ಗೊತ್ತಾಗುತ್ತದೆ ಎಂದು ಹಿಂದೆ ನೀವೇ ಹೇಳಿಕೊಳ್ಳುತ್ತಿದ್ದಿರಿ. ಇಪ್ಪತ್ತೊಂಬತ್ತು ವರ್ಷದ ಹಿಂದೆ ಗಣಿಯೊಳಗೆ ನೀವು ಬಡಿದು ನೋಡಿ ಗಟ್ಟಿ ಎಂದ ಕಲ್ಲೇ ನಮ್ಮ ಯಜಮಾನರ ಮೇಲೆ ಬಿತ್ತು. ಅದನ್ನು ಮರೆತು ಕೇಳುತ್ತಿಲ್ಲ. ಬೇರೆ ಯಾರೂ ಇಲ್ಲ ಎಂದು ಕೇಳುತ್ತಿದ್ದೇನೆ.

ಬರುವುದಾದರೆ ತಿಳಿಸಿ.

ಇಂತಿ,
ವೆಂಕಟೇಶಪ್ಪನವರ ಹೆಂಡತಿ
ಚಿಕ್ಕವೆಂಕಟಮ್ಮ


ಊರಿಗಾಂ
16-2-2025

ತಂಗಿ ಚಿಕ್ಕವೆಂಕಟಮ್ಮನಿಗೆ,

ನಿನ್ನ ಕಾಗದ ಬಂತು. ಮಾತು ಕಲಿತಾಗಿನಿಂದ ನನ್ನನ್ನು ನೀನು ಎಂದೇ ಕರೆದವಳು, ಈಗ ನೀವು ಎಂದಿದ್ದೀಯ. ಕಲ್ಪನಗೆ ತೋರಿಸಿದೆ. ತಾಲ್ಲೂಕು ಆಫೀಸಿನ ನೋಟೀಸು ಇದ್ದ ಹಾಗಿದೆ ಮಾವ ಎಂದು ಸ್ಲೇಟಿನಲ್ಲಿ ಬರೆದು ನಕ್ಕಳು. ನನ್ನ ಹತ್ತಿರ ಮಾತಾಡುವುದಕ್ಕೆ ಅವಳು ಒಂದು ಸ್ಲೇಟು ಇಟ್ಟುಕೊಂಡಿದ್ದಾಳೆ. ಎಪ್ಪತ್ತೊಂದನೇ ವಯಸ್ಸಿನಲ್ಲಿ ಮತ್ತೆ ಒಂದನೇ ಕ್ಲಾಸು.

ಇಲ್ಲ ಕಣಮ್ಮ, ನಾನು ಬರುವುದಿಲ್ಲ. ಅವತ್ತಿನಿಂದ ನಾನು ಹಾರೆ ಹಿಡಿದು ಏನನ್ನೂ ಬಡಿದಿಲ್ಲ. ತೆಂಗಿನಕಾಯಿಯನ್ನು ಕೂಡ ಬಡಿದು ಕೊಳ್ಳುವುದಿಲ್ಲ, ಅಂಗಡಿಯವನು ಕೊಟ್ಟಿದ್ದನ್ನು ತರುತ್ತೇನೆ. ಗಟ್ಟಿ, ಟೊಳ್ಳು ಎನ್ನುವ ಮಾತು ನನ್ನ ಬಾಯಿಂದ ಇನ್ನು ಬೇಡ.

ಆದರೆ ಮರಕ್ಕೆ ಕಣ್ಣಿನ ಪರೀಕ್ಷೆಯೂ ಇದೆ. ಅದನ್ನು ನೀನೇ ಮಾಡಬಹುದು. ಇದು ಎಲೆ ಉದುರುವ ಕಾಲ, ಬೋಳಾದರೆ ಹೆದರಬೇಡ. ಒಳಗೆ ಟೊಳ್ಳಾಗಿದ್ದರೂ ಹೆದರಬೇಡ, ಹಳೇ ಮರ ಬದುಕುವುದು ಹೊರಗಿನ ತೊಗಟೆಯಿಂದ. ಸಣ್ಣ ರೆಂಬೆಯನ್ನು ಉಗುರಿನಿಂದ ಕೆರೆದು ನೋಡು. ಒಳಗೆ ಹಸಿರಿದ್ದರೆ ಜೀವ ಇದೆ, ಕಂದು ಇದ್ದರೆ ಇಲ್ಲ. ಮೂಡಣದ ಕಡೆ, ಪಡುವಣದ ಕಡೆ ಬೇರೆಬೇರೆಯಾಗಿ ನೋಡು. ಗೆದ್ದಲು ಎಲ್ಲಿಯವರೆಗೆ ಹತ್ತಿದೆ ನೋಡು. ಎಲ್ಲ ಬರೆ.

ಇನ್ನೊಂದು. ಮರದಲ್ಲಿ ಏನೇನು ಸದ್ದು ಇದೆ, ಅದನ್ನೂ ಬರೆ. ಮರದ ಪರೀಕ್ಷೆಗೂ ಇದಕ್ಕೂ ಸಂಬಂಧವಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರಲ್ಲ, ಆ ಕೋಣಕ್ಕೂ ಒಂದು ದಿನ ಕಿನ್ನರಿ ಹೇಗಿತ್ತು ಎಂದು ಕೇಳುವ ಆಸೆ ಇರುತ್ತದೆ.

ಇಂತಿ ನಿನ್ನ ಅಣ್ಣ,
ಬಚ್ಚಪ್ಪ


ಕ್ಯಾಸಂಬಳ್ಳಿ ಹೋಬಳಿ
27-2-2025

ಬಚ್ಚಪ್ಪನವರಿಗೆ,

ನಿನ್ನೆ ಶಿವರಾತ್ರಿ ಆಯಿತು. ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಅನ್ನುವುದು ಈ ಸಲ ನಿಜವಾಯಿತು. ಇವತ್ತು ಹಾಲು ಹಾಕಲು ಹೋಗುವಾಗ ಶಾಲು ಹೊದೆಯಲಿಲ್ಲ.

ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಎಲೆ ಪೂರ್ತಿ ಉದುರಿದೆ. ದಿನಾ ಎರಡು ಮಂಕರಿ ಗುಡಿಸಿ ತಿಪ್ಪೆಗೆ ಹಾಕುತ್ತಿದ್ದೆ, ಈಗ ಗುಡಿಸುವುದಕ್ಕೂ ಏನಿಲ್ಲ. ಒಣಗಿದ ಕಾಯಿ ಮಾತ್ರ ಅಲ್ಲಲ್ಲಿ ಜೋತಾಡುತ್ತಿವೆ. ಮೂಡಣದ ಕಡೆ ನಾಲ್ಕು ರೆಂಬೆ ಕೆರೆದೆ, ನಾಲ್ಕೂ ಹಸಿರು. ಪಡುವಣದ ಕಡೆ ಮೂರು ಕೆರೆದೆ, ಮೂರೂ ಕಂದು. ಒಂದು ಕೈಯಲ್ಲೇ ಪಟ್ಟಂತ ಮುರಿಯಿತು. ಗೆದ್ದಲು ಪಡುವಣದಲ್ಲಿ ನನ್ನ ಎದೆಯ ಎತ್ತರದವರೆಗೆ ಮಣ್ಣು ಮೆತ್ತಿದೆ. ಆ ಕಡೆಯೇ ಒಂದು ದೊಡ್ಡ ಪೊಟರೆ ಇದೆ, ಅದರಲ್ಲಿ ಗಿಳಿಗಳ ಸಂಸಾರ. ನಾನು ಕೆಳಗೆ ನಿಂತರೆ ಗಂಡು ಗಿಳಿ ತಲೆ ಹೊರಗೆ ಹಾಕಿ ಬಾಡಿಗೆ ಕೇಳಲು ಬಂದವಳನ್ನು ನೋಡಿದ ಹಾಗೆ ನೋಡುತ್ತದೆ.

ಸದ್ದಿನ ಬಗ್ಗೆ ಕೇಳಿದ್ದೀರಿ. ಬೆಳಿಗ್ಗೆ ತಾಮ್ರದ ಪಾತ್ರೆ ತಟ್ಟಿದ ಹಾಗೆ ಟುಂಕ್ ಟುಂಕ್ ಎನ್ನುವ ಹಸಿರು ಹಕ್ಕಿ ತುದಿ ಕೊಂಬೆಯಲ್ಲಿ ಕೂರುತ್ತದೆ. ಒಮ್ಮೆ ಶುರು ಮಾಡಿದರೆ ಎರಡು ಹಸು ಕರೆದು ಮುಗಿಸುವವರೆಗೂ ನಿಲ್ಲಿಸುವುದಿಲ್ಲ. ಮಧ್ಯಾಹ್ನ ಬಿಸಿಲೇರಿದಾಗ ಒಣ ಕಾಯಿ ಗಾಳಿಗೆ ಗಿಲಕಿ ಆಡಿಸಿದ ಹಾಗೆ ಸದ್ದು ಮಾಡುತ್ತವೆ. ಕೋಗಿಲೆ ಇನ್ನೂ ಬಂದಿಲ್ಲ. ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ಗಿಳಿಗಳ ಜಗಳ.

ಬರೆಯಲು ಕೂತಾಗಲೇ ನನಗೂ ಗೊತ್ತಾಯಿತು, ಇಷ್ಟು ಸದ್ದು ಇದೆ ಎಂದು.

ಇಂತಿ,
ಚಿಕ್ಕವೆಂಕಟಮ್ಮ


ಊರಿಗಾಂ
6-3-2025

ತಂಗಿಗೆ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆ ಟುಂಕ್ ಟುಂಕ್ ಹಕ್ಕಿಯನ್ನು ಮರೆತೇ ಬಿಟ್ಟಿದ್ದೆ. ರಾತ್ರಿ ಪಾಳಿ ಮುಗಿಸಿ ನಾನೂ ವೆಂಕಟೇಶನೂ ಸೈಕಲ್ಲಿನಲ್ಲಿ ನಿಮ್ಮೂರಿಗೆ ಬಂದು ಆ ಮರದ ಕೆಳಗೆ ಮಲಗುತ್ತಿದ್ದೆವು. ಅವನು ಈ ಹಕ್ಕಿಗೆ ಬೈಯುತ್ತಿದ್ದ, ಒಳಗೂ ಬಡಿಯೋದೇ, ಹೊರಗೂ ಬಡಿಯೋದೇ ಎಂದು. ನೀನು ರಾಗಿ ಅಂಬಲಿ ತಂದು ಎಬ್ಬಿಸುತ್ತಿದ್ದೆ.

ಇಲ್ಲಿಯ ವಸಂತದ ಬಗ್ಗೆ ಹೇಳುವುದಾದರೆ ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಮೇಲಿನಿಂದ ಗಾಳಿ ಎದ್ದಿದೆ. ಬಾಗಿಲು ಹಾಕಿದ್ದರೂ ಅನ್ನದ ತಟ್ಟೆಯಲ್ಲಿ ಬೂದಿಯಂಥ ಧೂಳು. ದಿಬ್ಬದ ಮೇಲೆ ಜಾಲಿ ಬಿಟ್ಟರೆ ಏನೂ ಬೆಳೆಯುವುದಿಲ್ಲ. ಆದರೆ ನಮ್ಮ ಕಾರ್ಮಿಕರ ಲೈನಿನ ಕೊನೇ ಮನೆ ಸೆಲ್ವಿಯಮ್ಮನ ಬೇವು ಇದೆಯಲ್ಲ, ಅದು ಕೆಂಪು ಚಿಗುರು ಬಿಟ್ಟಿದೆ. ಗಣಿ ಮುಚ್ಚಿ ಇಪ್ಪತ್ನಾಲ್ಕು ವರ್ಷವಾಯಿತು, ಮನೆಯ ಗೋಡೆಗಳೆಲ್ಲ ಸೀಳಿವೆ, ಬೇವು ಮಾತ್ರ ಯಾರನ್ನೂ ಕೇಳದೆ ಪ್ರತಿ ವರ್ಷ ಚಿಗುರುತ್ತದೆ. ಬಂಗಾರಪೇಟೆಯ ಕ್ಯಾಂಪಿನಲ್ಲಿ ನನಗೊಂದು ಕಿವಿ ಮಿಷನ್ ಕೊಟ್ಟಿದ್ದರು. ಅದನ್ನು ಹಾಕಿಕೊಂಡು ಬೇವಿನ ಕೆಳಗೆ ನಿಂತೆ. ಬರೀ ಕರಕರ ಸದ್ದು. ತೆಗೆದು ಜೇಬಿಗೆ ಹಾಕಿ ನಿನ್ನ ಕಾಗದ ಓದಿದೆ, ಅದರಲ್ಲೇ ಚೆನ್ನಾಗಿ ಕೇಳಿಸಿತು.

ಪಡುವಣದ ಕೊಂಬೆಗಳು ಸತ್ತಿವೆ. ಮೂಡಣ ಬದುಕಿರಬಹುದು. ನಡುವಿನ ಬೊಡ್ಡೆ ಸತ್ತ ಕಡೆಗೆ ಸೇರಿದ್ದೋ ಬದುಕಿದ ಕಡೆಗೋ ಎನ್ನುವುದು ಬಡಿಯದೆ ಹೇಳಲಾಗದು. ಚಿಗುರು ಬರುವವರೆಗೆ ಕಾದು ನೋಡು. ಅಲ್ಲಿಯವರೆಗೆ ಮಕ್ಕಳನ್ನು ಸ್ಕೂಲಿನ ಜಗಲಿಯಲ್ಲಿ ಕೂರಿಸಲು ಟೀಚರಿಗೆ ಹೇಳು.

ಇನ್ನೂ ಒಂದು ಮಾತು ನಿನಗೆ ಬರೆಯಬೇಕೆಂದು ಕೂತಿದ್ದೆ. ಕಾಗದ ಮುಗಿಯಿತು.

ನಿನ್ನ ಅಣ್ಣ,
ಬಚ್ಚಪ್ಪ


ಕ್ಯಾಸಂಬಳ್ಳಿ ಹೋಬಳಿ
16-3-2025

ಬಚ್ಚಪ್ಪನವರಿಗೆ,

ಕಾಗದ ಮುಗಿಯಿತು ಎಂದು ಬರೆದಿದ್ದೀರಿ. ಹಿಂಬದಿ ಪೂರ್ತಿ ಖಾಲಿ ಇತ್ತು.

ಕ್ಯಾಸಂಬಳ್ಳಿ ರಸ್ತೆಯ ಎರಡೂ ಬದಿಯ ಹೊಂಗೆಗಳು ಚಿಗುರಿವೆ. ಬಸ್ಸಿನಲ್ಲಿ ಕೂತರೆ ಕಣ್ಣಿಗೆ ತಂಪು. ಕೆರೆಯ ಏರಿಯ ಮೇಲಿನವೂ ಚಿಗುರಿವೆ. ನಮ್ಮದು ಮಾತ್ರ ಬೋಳು. ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಕೆಳಗಿಟ್ಟು ತಲೆಯೆತ್ತಿ ನೋಡುತ್ತೇನೆ. ಕುತ್ತಿಗೆ ನೋವು ಬಂದದ್ದೇ ಬಂತು. ಕೋಗಿಲೆ ಬಂದಿದೆ, ಆದರೆ ಅದು ಕೂರುವುದು ಪಕ್ಕದ ಮಾವಿನ ಮೇಲೆ. ಗಿಳಿಗಳು ಇನ್ನೂ ಇವೆ.

ಮುನೇಶ್ ಬಂಗಾರಪೇಟೆಯಿಂದ ಮಿಷನ್ನಿನವರನ್ನು ಗೊತ್ತು ಮಾಡಿದ್ದಾನೆ. ಯುಗಾದಿ ಹೊಸತೊಡಕಿನ ಮಾರನೇ ದಿನ, ಏಪ್ರಿಲ್ ಒಂದರಂದು ಬರುತ್ತಾರೆ. ಅವನು ಕೆಟ್ಟವನಲ್ಲ, ಅವನ ಮಗಳೂ ಅದೇ ಅಂಗನವಾಡಿಗೆ ಬರುತ್ತಾಳೆ. ನಾನು ಬೇಡ ಎಂದರೆ, "ಅತ್ತೆ, ಅದು ಬೀಳಾಕಿಲ್ಲ ಅಂತ ನೀನು ಬರ್ಕೊಡ್ತೀಯಾ?" ಎಂದು ಕೇಳಿದ. ಸಹನ ಟೀಚರ್ ಕೂಡ ನನ್ನ ಮುಖವನ್ನೇ ನೋಡುತ್ತಿದ್ದಳು.

ನೀವು ದೂರದಲ್ಲಿ ಕೂತು ಅದನ್ನು ನೋಡು, ಇದನ್ನು ಕೆರೆ ಎನ್ನುತ್ತೀರಿ. ಇಪ್ಪತ್ತೊಂಬತ್ತು ವರ್ಷವೂ ದೂರದಲ್ಲೇ ಕೂತಿರಿ. ನಮ್ಮ ಯಜಮಾನರ ತಿಥಿಗೆ ಬಂದು ಬೀದಿಯಲ್ಲಿ ನಿಂತು ಹೋದಿರಿ, ಹೊಸ್ತಿಲು ದಾಟಲಿಲ್ಲ. ಬರೆಯಬೇಕೆಂದು ಕೂತದ್ದು ಏನು ಎಂದು ನನಗೆ ಗೊತ್ತಾಗಬೇಕು. ಅದನ್ನು ಬರೆಯುವುದಾದರೆ ಬರೆಯಿರಿ. ಇಲ್ಲವಾದರೆ ಮರದ ವಿಷಯವೂ ಬೇಡ.

ಚಿಕ್ಕವೆಂಕಟಮ್ಮ


ಊರಿಗಾಂ
20-3-2025

ತಂಗೀ,

ಬರೆಯುತ್ತೇನೆ. ಹಿಂಬದಿಯಲ್ಲೂ ಬರೆಯುತ್ತೇನೆ.

ಮದ್ದು ಸಿಡಿಸಿ ಹೊಗೆ ಹೋದ ಮೇಲೆ ಮೊದಲು ಒಳಗೆ ಹೋಗುವುದು ಮೇಸ್ತ್ರಿ. ಹಾರೆಯಿಂದ ಮೇಲಿನ ಕಲ್ಲನ್ನು ಬಡಿಯಬೇಕು. ಠಣ್ ಎಂದರೆ ಗಟ್ಟಿ. ಬೊದ್ ಎಂದರೆ ಕಲ್ಲು ಸಡಿಲ, ಅದನ್ನು ಕೆಡವದೆ ಯಾರೂ ಒಳಗೆ ಬರಬಾರದು. ನಲವತ್ತು ದಾಟುವ ಹೊತ್ತಿಗೆ ನನಗೆ ಠಣ್ಣೂ ಬೊದ್ದೂ ಒಂದೇ ಆಗಿತ್ತು. ಇಪ್ಪತ್ತು ವರ್ಷ ಕೊರೆಯುವ ಮಿಷನ್ ಹಿಡಿದರೆ ಕಿವಿ ಉಳಿಯುತ್ತದೆಯೇ? ಅಂಗೈಗೆ ಗೊತ್ತಾಗುತ್ತದೆ ಎಂದು ಜಂಬ ಕೊಚ್ಚುತ್ತಿದ್ದೆನಲ್ಲ, ಅದೂ ಸುಳ್ಳು. ಅಂಗೈಯೂ ಮರಗಟ್ಟಿತ್ತು. ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಗಣಿಯಿಂದ ಹೊರಗೆ, ನೆಲದ ಮೇಲಿನ ಕೆಲಸಕ್ಕೆ ಹಾಕುತ್ತಿದ್ದರು. ಬಚ್ಚಪ್ಪ ಮೇಸ್ತ್ರಿ ಹಾರೆ ಬಿಟ್ಟು ಪೊರಕೆ ಹಿಡಿದ ಎಂದು ಜನ ಆಡಿಕೊಳ್ಳುತ್ತಿದ್ದರು. ಆ ಮಾತಿಗೆ ಹೆದರಿದೆ.

ವೆಂಕಟೇಶನಿಗೆ ಅದು ಹೇಗೋ ಗೊತ್ತಾಗಿತ್ತು. ನಾನು ಬಡಿಯುವಾಗ ಸುಮ್ಮನೆ ಬಂದು ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದ. ಕಣ್ಣು ಮುಚ್ಚಿ ಕೇಳಿ ಹೌದೆಂದು ತಲೆ ಆಡಿಸುತ್ತಿದ್ದ, ಇಲ್ಲವೇ ಬೇಡವೆಂದು ಅಲ್ಲಾಡಿಸುತ್ತಿದ್ದ. ಅದನ್ನು ನೋಡಿ ನಾನು ಗಟ್ಟಿ ಎನ್ನುತ್ತಿದ್ದೆ, ಸಡಿಲ ಎನ್ನುತ್ತಿದ್ದೆ. ಎರಡು ವರ್ಷ ಹೀಗೆ ನಡೆಯಿತು. ಅದರ ಬಗ್ಗೆ ನಾವು ಒಂದು ದಿನವೂ ಮಾತಾಡಲಿಲ್ಲ. ಅವನು ಯಾಕೆ ಹಾಗೆ ಮಾಡಿದ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಆ ದಿನ ಅವನು ಮಿಷನ್ನಿನ ಕೊಳವೆ ತರಲು ಹಿಂದೆ ಉಳಿದಿದ್ದ. ಉಳಿದವರು ನಿಂತು ನನ್ನ ಮುಖ ನೋಡುತ್ತಿದ್ದರು. ನಾನು ಮೂರು ಕಡೆ ಬಡಿದೆ. ಏನೂ ಕೇಳಿಸಲಿಲ್ಲ. ವೆಂಕಟೇಶ ಬರಲಿ ಎಂದು ಕಾಯಬಹುದಿತ್ತು. ಕಾಯಲು ನಾಚಿಕೆಯಾಯಿತು. ಗಟ್ಟಿ ಐತೆ ಎಂದುಬಿಟ್ಟೆ. ಅವನು ಆಗಷ್ಟೇ ಬಂದ. ನನ್ನ ಮಾತು ಕೇಳಿ, ನನ್ನ ಮುಖ ಕೂಡ ನೋಡದೆ ಎಲ್ಲರಿಗಿಂತ ಮೊದಲು ಒಳಗೆ ಹೋದ.

ಕಲ್ಲು ಮೋಸ ಮಾಡಿತು ಎಂದು ಎಲ್ಲರೂ ಅಂದರು. ನಾನೂ ಹೂಂ ಎಂದೆ. ಇದೇ ಆ ಮಾತು. ನಿನ್ನ ಹೊಸ್ತಿಲಲ್ಲಿ ನಿಂತರೆ ಇದನ್ನು ಹೇಳಬೇಕಾಗುತ್ತಿತ್ತು, ಅದಕ್ಕೇ ಬೀದಿಯಿಂದ ವಾಪಸ್ ಬಂದೆ.

ಇನ್ನು ಮರವನ್ನು ಕಡಿಸು ಇಲ್ಲವೇ ಉಳಿಸು. ಆದರೆ ನನ್ನ ಮಾತು ನಂಬಿ ಒಂದು ಮಗುವನ್ನೂ ಅದರ ಕೆಳಗೆ ಕೂರಿಸಬೇಡ.

ಬಚ್ಚಪ್ಪ


ಕ್ಯಾಸಂಬಳ್ಳಿ ಹೋಬಳಿ
26-3-2025

ಅಣ್ಣ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ಮೊದಲ ದಿನ ಒಲೆಗೆ ಹಾಕಲು ಹೋಗಿದ್ದೆ. ಎರಡನೇ ದಿನ ಡೈರಿಯಲ್ಲಿ ಹಾಲಿನ ಅಳತೆ ತಪ್ಪು ಬರೆದು ಸೆಕ್ರೆಟರಿ ಪುಷ್ಪಳ ಹತ್ತಿರ ಬೈಸಿಕೊಂಡೆ. ಅವರು ಯಾಕೆ ಹಾಗೆ ಮಾಡಿದರು ಎಂದು ನಿನಗೆ ಗೊತ್ತಿಲ್ಲ ಎಂದಿದ್ದೀಯ. ನನಗೆ ಗೊತ್ತು.

ಒಂದು ದಿನ ಊಟಕ್ಕೆ ಕೂತಾಗ ಅವರು ಹೇಳಿದರು, "ನಿಮ್ಮಣ್ಣಂಗೆ ಕಿವಿ ಓಗೈತೆ. ಆಪೀಸ್ನಾಗೆ ಏಳಿ ಮ್ಯಾಲಿನ ಕೆಲ್ಸಕ್ಕೆ ಆಕ್ಸಾನ." ನಾನು ಬೇಡವೆಂದೆ. ನಮ್ಮಣ್ಣ ಮೇಸ್ತ್ರಿ, ತವರಿನ ಮರ್ಯಾದೆ ತೆಗೆಯಬೇಡಿ ಎಂದು ಅವರ ಕೈ ಹಿಡಿದುಕೊಂಡೆ. "ಪಕ್ಕದಾಗೆ ನೀವೇ ನಿಂತ್ಕಳಿ. ಅವ್ನಿಗೆ ಕೇಳ್ದೇ ಇದ್ರೆ ನಿಮ್ಗೆ ಕೇಳ್ತೈತಲ್ಲ" ಎಂದೆ. ಅವರು ನಿಂತರು. ನಾನು ಹೇಳಿದ್ದಕ್ಕೇ ನಿಂತರು.

ನೀನು ಗಟ್ಟಿ ಎಂದದ್ದಕ್ಕೆ ಇಷ್ಟು ವರ್ಷ ನಿನ್ನ ಮೇಲೆ ಕೋಪ ಮಾಡಿಕೊಂಡೆ. ನಿನ್ನ ಮೇಲೆ ಕೋಪ ಇರುವವರೆಗೂ ನನ್ನ ಮಾತು ನನಗೆ ನೆನಪಾಗುತ್ತಿರಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ. ನೀನೂ ಬರೆದೆಯಲ್ಲ.

ನಿನ್ನೆ ಬೆಳಿಗ್ಗೆ ಕ್ಯಾನು ಇಟ್ಟು ತಲೆಯೆತ್ತಿದರೆ ಮೂಡಣದ ತುದಿ ಕೊಂಬೆಯಲ್ಲಿ ಏನೋ ಮಿನುಗಿತು. ಇಬ್ಬನಿಯೇನೋ ಎಂದುಕೊಂಡೆ. ಇವತ್ತು ನೋಡಿದರೆ ಆ ಕಡೆಯೆಲ್ಲ ಎಳೇ ಚಿಗುರು. ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದೆ. ಎಳೇ ಮಗುವಿನ ಕಿವಿಯಷ್ಟು ಮೆತ್ತಗಿದೆ. ಪಡುವಣ ಹಾಗೆಯೇ ಬೋಳು. ಅರ್ಧ ಮರ ಬದುಕಿದೆ ಅಣ್ಣ. ಮುನೇಶ್‌ಗೆ ತೋರಿಸಿದೆ. ಚಿಗುರು ಬಂದರೆ ಬೊಡ್ಡೆ ಗಟ್ಟಿ ಎಂದೇನೂ ಅಲ್ಲವಲ್ಲ ಎಂದ. ಅವನು ಹೇಳುವುದೂ ಸರಿ.

ಭಾನುವಾರ ಯುಗಾದಿ. ಹಾರೆ ತೆಗೆದುಕೊಂಡು ಬಾ. ಬರುವಾಗ ಬೀದಿಯಲ್ಲಿ ನಿಲ್ಲಬೇಡ.

ಚಿಕ್ಕವೆಂಕಟಮ್ಮ


ಊರಿಗಾಂ
3-4-2025

ತಂಗೀ,

ಕ್ಷೇಮವಾಗಿ ಮನೆ ಸೇರಿದೆ. ನೀನು ಕಟ್ಟಿಕೊಟ್ಟ ಒಬ್ಬಟ್ಟು ಮೂರು ದಿನ ಬಂತು. ಸೆಲ್ವಿಯಮ್ಮನಿಗೂ ಕೊಟ್ಟೆ. ಏಪ್ರಿಲ್ ಒಂದರಂದು ಮಿಷನ್ನಿನವರು ಬಂದು ಏನು ಮಾಡಿದರು ಎಂದು ಬರೆ.

ಒಂದು ವಿಷಯ ನಿನ್ನನ್ನೇ ಕೇಳಬೇಕು. ಯುಗಾದಿಯ ದಿನ ಮರದ ಮುಂದೆ ಹಾರೆ ಎತ್ತಿ ಮೂರು ಸಲ ಬಡಿದು ತಿರುಗಿದಾಗ ಊರೆಲ್ಲ ನನ್ನ ಮುಖ ನೋಡುತ್ತಿತ್ತು. ಗಣಿಯೊಳಗೆ ಗ್ಯಾಂಗಿನವರು ನೋಡಿದ್ದರಲ್ಲ, ಹಾಗೆಯೇ. ಆಮೇಲೆ ನಾನು ಆ ಮಾತು ಹೇಳಿದೆ, ನಿನ್ನ ಕೈ ಹಿಡಿದು ಮರದ ಹತ್ತಿರ ಎಳೆದೆ. ಆ ಹೊತ್ತಿನಲ್ಲಿ ಜನ ಏನಂದರು? ಯಾರ ತುಟಿಯೂ ಆಡಲಿಲ್ಲ, ಅಷ್ಟು ನೋಡಿದೆ. ನನ್ನ ದನಿ ನಡುಗಿತೇ? ನನಗೆ ನನ್ನ ದನಿಯೂ ಕೇಳಿಸುವುದಿಲ್ಲ. ಸರಿಯಾಗಿ ಹೇಳಿದೆನೋ ಇಲ್ಲವೋ ಗೊತ್ತಾಗದೆ ನಿದ್ದೆ ಬರುತ್ತಿಲ್ಲ.

ನಿನ್ನ ಅಣ್ಣ,
ಬಚ್ಚಪ್ಪ


ಕ್ಯಾಸಂಬಳ್ಳಿ ಹೋಬಳಿ
9-4-2025

ಅಣ್ಣ,

ನಿನ್ನ ದನಿ ನಡುಗಲಿಲ್ಲ. ಕಿವಿ ಕೇಳದವರು ಮಾತಾಡುವ ಹಾಗೆ ಊರಿಗೆಲ್ಲ ಕೂಗಿ ಹೇಳಿದೆ. "ನಂಗೆ ಕೇಳ್ಸಾಕಿಲ್ಲ. ಆವತ್ತೂ ಕೇಳ್ತಿರ್ಲಿಲ್ಲ. ನನ್ ತಂಗಿ ಕೇಳ್ತಾಳೆ." ಕೆರೆ ಅಂಗಳದಲ್ಲಿ ಹಸು ಮೇಯಿಸುತ್ತಿದ್ದ ಚಿಕ್ಕವೆಂಕಟಪ್ಪನಿಗೂ ಕೇಳಿಸಿತಂತೆ, ಯಾರೋ ಜಗಳವಾಡುತ್ತಿದ್ದಾರೆ ಎಂದುಕೊಂಡು ಓಡಿ ಬಂದ.

ಜನ ಏನೂ ಅನ್ನಲಿಲ್ಲ. ಗಾಳಿ ಇತ್ತು, ಮೂಡಣದ ಚಿಗುರು ಸರಸರ ಎನ್ನುತ್ತಿತ್ತು. ಕೋಗಿಲೆ ಮಾವು ಬಿಟ್ಟು ನಮ್ಮ ಮರದ ಮೇಲೇ ಕೂತು ಎರಡು ಸಲ ಕೂಗಿತು. ಅಷ್ಟೇ ಸದ್ದು. ಆಮೇಲೆ ನಾನು ಮೂಗು ಸೀಟಿದ್ದು. ಅದನ್ನು ಬೇಕಾದರೆ ಸೇರಿಸಿಕೋ.

ನೀನು ಬಡಿಯುತ್ತಾ ಹೋದೆ, ನಾನು ಬೊಡ್ಡೆಗೆ ಕಿವಿಯಿಟ್ಟು ತಲೆ ಆಡಿಸುತ್ತಾ ಹೋದೆ, ಸಹನ ಸುಣ್ಣದಲ್ಲಿ ಗುರುತು ಹಾಕುತ್ತಾ ಹೋದಳು. ಅವರು ನಿನ್ನ ಪಕ್ಕದಲ್ಲಿ ಎರಡು ವರ್ಷ ಹೇಗೆ ನಿಂತಿದ್ದರು ಎಂದು ಅವತ್ತು ನನಗೆ ಗೊತ್ತಾಯಿತು. ಪಡುವಣದಲ್ಲಿ ಖಾಲಿ ಡ್ರಮ್ಮಿನ ಹಾಗೆ ಬೊದ್ ಎಂದದ್ದು ಸರಿಯಾಗಿ ಅರ್ಥವಾಯಿತು. ಮೂಡಣದ ಬೊಡ್ಡೆ ಠಣ್ ಎನ್ನಲಿಲ್ಲ, ಅದು ಕಲ್ಲಲ್ಲವಲ್ಲ. ತುಂಬಿದ ರಾಗಿ ಮೂಟೆಗೆ ಗುದ್ದಿದ ಹಾಗೆ ಕೇಳಿಸಿತು. ಎರಡು ಕಡೆ ನನಗೆ ಗೊತ್ತಾಗಲಿಲ್ಲ, ಗೊತ್ತಾಗಲಿಲ್ಲ ಎಂದೇ ಕೈಯಾಡಿಸಿದೆ. ಗೊತ್ತಾಗದಿದ್ದರೆ ಸಡಿಲ ಎಂದೇ ಲೆಕ್ಕ ಎಂದು ನೀನು ಅಲ್ಲಿ ಸುಣ್ಣದಲ್ಲಿ ದೊಡ್ಡ ಕತ್ತರಿ ಗುರುತು ಹಾಕಿಸಿದೆ.

ಮಿಷನ್ನಿನವರು ಬಂದು ಪಡುವಣದ ಕೊಂಬೆಗಳನ್ನೆಲ್ಲ ಇಳಿಸಿದರು. ಗಿಳಿಯ ಪೊಟರೆ ಇರುವ ತುಂಡನ್ನು ಮುನೇಶನೇ ಕಡಿಯದೆ ಹಾಗೇ ಬಿಡಿಸಿದ, ಅದರ ಕೆಳಗೆ ಮುಳ್ಳಿನ ಬೇಲಿ ಹಾಕಿಸಿದ. ಮಕ್ಕಳು ಈ ವರ್ಷ ಸ್ಕೂಲಿನ ಜಗಲಿಯಲ್ಲೇ ಕೂರುತ್ತಾರೆ. ಮಳೆಗಾಲ ಕಳೆದು ಮರ ಹೇಗಿರುತ್ತದೋ ನೋಡಿ ಮೂಡಣದ ಕಡೆ ಕೂರಿಸುವ ವಿಚಾರ ಮಾಡೋಣ ಎಂದು ಒಪ್ಪಿಕೊಂಡಿದ್ದಾರೆ. ಹೂವು ಶುರುವಾಗಿದೆ. ಬೆಳಿಗ್ಗೆ ಹೋದರೆ ಅಂಗಳದಲ್ಲಿ ಮಂಡಕ್ಕಿ ಚೆಲ್ಲಿದ ಹಾಗೆ ಬಿದ್ದಿರುತ್ತದೆ. ಜೇನಿನ ಸದ್ದು ಎಷ್ಟಿದೆ ಎಂದರೆ ಮರವೇ ಗುನುಗುತ್ತಿದೆ.

ಹಾರೆಯನ್ನು ಇಲ್ಲೇ ಬಿಟ್ಟು ಹೋಗಿದ್ದೀಯ. ಕಲ್ಪನ ಫೋನ್ ಮಾಡಿ ಯಾರ ಕೈಯಲ್ಲಾದರೂ ಕಳಿಸಿ ಎಂದಳು. ಆಗಲ್ಲ ಎಂದೆ. ಒಳಗೆ ತಂದು ಅವರ ಫೋಟೋ ಕೆಳಗೆ ಗೋಡೆಗೆ ಒರಗಿಸಿ ಇಟ್ಟಿದ್ದೇನೆ. ಮುಂದಿನ ಶಿವರಾತ್ರಿಗೆ ಮರವನ್ನು ಮತ್ತೆ ನೋಡಬೇಕು. ನೀನೇ ಬಾ. ಬಡಿಯುವುದು ನೀನು, ಕೇಳುವುದು ನಾನು.

ನಿನ್ನ ತಂಗಿ,
ಚಿಕ್ಕವೆಂಕಟಮ್ಮ